ಪರದೇಶದ ಟೀವಿ, ಊರಿನ ಕರೆಂಟು



ಮನೆಭೇಟಿಗೆ ಹೋದಾಗ ಕೆಲವು ವಿಷಯಗಳನ್ನು ನಾವು ಕೇಳುವುದಿಲ್ಲ, ಸುಮ್ಮನೆ ನೋಡಿ ಬರುತ್ತೇವೆ. ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರ ಮನೆಯ ಚಾವಡಿಯಲ್ಲಿ ದೇವರ ಪೀಠದ ಪಕ್ಕ ಒಂದು ದೊಡ್ಡ ಟೀವಿ ಇತ್ತು. ಅದರ ಮೇಲೆ ಹೂವಿನ ಬೆಡ್‌ಶೀಟು ಹೊದಿಸಿತ್ತು. "ಧೂಳು ಕೂರ್ತದೆ ಸಿಸ್ಟರ್, ಅದಕ್ಕೆ" ಎಂದರು. ಎರಡನೇ ಸಲ ಹೋದಾಗಲೂ ಬೆಡ್‌ಶೀಟು ಹಾಗೇ ಇತ್ತು. ಮೂರನೇ ಸಲ ಚಹಾ ಕೊಟ್ಟು, ಬಾಗಿಲು ಅರ್ಧ ಮುಚ್ಚಿ, ವಿಷಯ ಹೇಳಿದರು.

ಅವರ ಗಂಡ ತೀರಿಹೋಗಿ ಬಹಳ ವರ್ಷವಾಗಿದೆ. ಒಬ್ಬನೇ ಮಗ ಪ್ರವಾಸಿಗರ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಹಡಗು ಅಮೆರಿಕದ ಬಂದರಿನಲ್ಲಿ ನಿಂತಾಗ ಅಲ್ಲಿನ ಅಂಗಡಿಯಲ್ಲಿ ಟೀವಿ ಕೊಂಡು, ರಜೆಗೆ ಬರುವಾಗ ಜೋಪಾನವಾಗಿ ತಂದಿದ್ದ. ರಜೆ ಮುಗಿಯುವವರೆಗೆ ಪೆಟ್ಟಿಗೆ ತೆರೆಯಲು ಪುರುಸೊತ್ತು ಸಿಗಲಿಲ್ಲ. ಅವನು ಹೋದ ಮೇಲೆ ಪಕ್ಕದ ಮನೆಯ ಹುಡುಗನನ್ನು ಕರೆದು, ಪಿನ್ನಿಗೆ ಅಡಾಪ್ಟರ್ ಹಾಕಿ, ಗೋಡೆಯ ಪ್ಲಗ್ಗಿಗೆ ಕೊಟ್ಟರು. ಸ್ವಿಚ್ ಹಾಕಿದ ಕೂಡಲೇ "ಟಪ್" ಅಂತ ಶಬ್ದ, ಸುಟ್ಟ ವಾಸನೆ. ಮತ್ತೆ ಟೀವಿ ಉರಿಯಲಿಲ್ಲ.

ಮಗನ ದುಡಿಮೆಯ ಹಣವನ್ನು ತಾನೇ ಸುಟ್ಟುಹಾಕಿದೆ ಎಂದು ಆ ತಾಯಿ ತಿಳಿದುಕೊಂಡರು. ಆರು ತಿಂಗಳು ಅವನಿಗೆ ಹೇಳಲೇ ಇಲ್ಲ. ಫೋನಿನಲ್ಲಿ ಅವನು ಕೇಳಿದಾಗಲೆಲ್ಲ "ಚೆಂದ ಕಾಣ್ತದೆ ಪುತಾ" ಅನ್ನುತ್ತಿದ್ದರು.

ಟೀವಿ ಹೋದದ್ದು ದೊಡ್ಡ ನಷ್ಟ. ಆದರೆ ತಾಯಿ ಮಗನ ನಡುವೆ ಒಂದು ಸುಳ್ಳು ಬಂದು ಕೂತದ್ದು ಅದಕ್ಕಿಂತ ದೊಡ್ಡದು. ನಮ್ಮ ಕರಾವಳಿಯಲ್ಲಿ ಪರದೇಶದಿಂದ ಸಾಮಾನು ಬಾರದ ಊರಿಲ್ಲ. ಹಾಗಾಗಿ ಈ ಸಲದ ಪತ್ರದಲ್ಲಿ ಹೊರದೇಶದಲ್ಲಿ ಕೊಂಡ ಟೀವಿಯನ್ನು ಊರಿಗೆ ತಂದಾಗ ಏನೇನು ನೋಡಿಕೊಳ್ಳಬೇಕು ಎಂದು ಬರೆಯುತ್ತಿದ್ದೇವೆ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಂಡರೆ ಸಾಕು: ಕರೆಂಟು ಹೊಂದುತ್ತದೆಯೇ? ಚಿತ್ರ ಬರುತ್ತದೆಯೇ? ಕಾಗದಪತ್ರ ಸರಿ ಇದೆಯೇ?

ಮೊದಲು ಟೀವಿಯ ಬೆನ್ನು ನೋಡಿ

ಎಲ್ಲಾ ಟೀವಿಯ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆ ಅಥವಾ ಪ್ಲಾಸ್ಟಿಕ್ಕಿನ ಮೇಲೇ ಅಚ್ಚಾಗಿರುತ್ತದೆ. ಅದರಲ್ಲಿ ವೋಲ್ಟ್, ಹರ್ಟ್ಜ್, ವಾಟ್ ಎಂಬ ಮೂರು ಅಂಕಿಗಳನ್ನು ಹುಡುಕಿ. ನಮ್ಮ ದೇಶದ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಜ್.

ಚೀಟಿಯಲ್ಲಿ "100–240 ವೋಲ್ಟ್, 50/60 ಹರ್ಟ್ಜ್" ಎಂದಿದ್ದರೆ ಚಿಂತೆ ಬೇಡ. ಆ ಟೀವಿ ಜಗತ್ತಿನ ಹೆಚ್ಚಿನ ಎಲ್ಲಾ ಕಡೆ ನಡೆಯುತ್ತದೆ. ಹೊರಗಿನ ಕರೆಂಟನ್ನು ಅದು ಮೊದಲು ಡಿಸಿ ಮಾಡಿ, ಆ ಮೇಲೆ ತನಗೆ ಬೇಕಾದ ಅಳತೆಗೆ ತಾನೇ ತಂದುಕೊಳ್ಳುತ್ತದೆ. ಪಿನ್ನು ಬದಲಿಸಿದರೆ ಆಯಿತು. "220–240 ವೋಲ್ಟ್" ಎಂದಿದ್ದರೂ ನಮ್ಮಲ್ಲಿ ತೊಂದರೆಯಿಲ್ಲ.

ಆದರೆ "120 ವೋಲ್ಟ್, 60 ಹರ್ಟ್ಜ್" ಎಂದು ಮಾತ್ರ ಇದ್ದರೆ ಅಲ್ಲೇ ನಿಲ್ಲಿ. ಅಮೆರಿಕ ಮತ್ತು ಕೆನಡಾದ ಮನೆಗಳ ಕರೆಂಟು ಇದು. ಅಲ್ಲಿ ಮಾರುವ ಕೆಲವು ಟೀವಿಗಳು ಎರಡೂ ಬಗೆಯ ಕರೆಂಟಿಗೆ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ. ಚೀಟಿ ಓದದೆ ಗೊತ್ತಾಗುವುದಿಲ್ಲ.

ಆ ತಾಯಿಯ ಮನೆಯಲ್ಲಿ "ಟಪ್" ಅಂದದ್ದು ಏನು ಎಂದು ಕೇಳಬಹುದು. 120 ವೋಲ್ಟಿನ ಕರೆಂಟು ಟೀವಿಯೊಳಗೆ ಡಿಸಿ ಆದಾಗ ಸುಮಾರು 170 ವೋಲ್ಟ್ ಆಗುತ್ತದೆ. ಅದನ್ನು ಹಿಡಿದಿಡುವ ಕೆಪಾಸಿಟರನ್ನು ಸಾಮಾನ್ಯವಾಗಿ 200 ವೋಲ್ಟ್ ತಡೆಯುವಂತೆ ಮಾಡಿರುತ್ತಾರೆ. ನಮ್ಮ 230 ವೋಲ್ಟ್ ಕೊಟ್ಟರೆ ಅಲ್ಲಿ ಸುಮಾರು 325 ವೋಲ್ಟ್ ಬಂದು ನಿಲ್ಲುತ್ತದೆ. ಪಾವು ಅಕ್ಕಿಯ ಚೀಲಕ್ಕೆ ಸೇರು ಅಕ್ಕಿ ತುರುಕಿದ ಹಾಗೆ. ಒಡೆಯದೆ ಏನು ಮಾಡೀತು? ಪಿನ್ನಿನ ಅಡಾಪ್ಟರ್ ತೂತಿಗೆ ಪಿನ್ನನ್ನು ಹೊಂದಿಸುತ್ತದೆಯೇ ಹೊರತು ವೋಲ್ಟನ್ನು ಕಡಿಮೆ ಮಾಡುವುದಿಲ್ಲ. ಈ ಮಾತೊಂದನ್ನು ದಯವಿಟ್ಟು ನೆನಪಿಡಿ.

ಯಾವ ದೇಶದಿಂದ ಬಂದದ್ದು?

ಯುಎಇ, ಕುವೈತ್, ಕತಾರ್, ಬಹರೈನ್, ಒಮಾನ್ ದೇಶಗಳಲ್ಲಿ ಕರೆಂಟು ಹೆಚ್ಚುಕಡಿಮೆ ನಮ್ಮಂತೆಯೇ, 50 ಹರ್ಟ್ಜ್. ಇಂಗ್ಲೆಂಡ್, ಇಟಲಿ, ಇಸ್ರೇಲ್ ಕೂಡ ಹಾಗೇ. ಅಲ್ಲಿಂದ ತಂದ ಟೀವಿಗೆ ಕರೆಂಟಿನ ತೊಂದರೆ ಇಲ್ಲ. ಸೌದಿ ಅರೇಬಿಯಾದಲ್ಲಿ ಮಾತ್ರ 60 ಹರ್ಟ್ಜ್. ಹಿಂದೆ ಅಲ್ಲಿನ ಮನೆಗಳಲ್ಲಿ 127 ವೋಲ್ಟ್, 220 ವೋಲ್ಟ್ ಎರಡೂ ಇದ್ದವು. ಹಾಗಾಗಿ ಸೌದಿಯಿಂದ ಬಂದ ಹಳೆಯ ಸಾಮಾನಿನ ಚೀಟಿಯನ್ನು ಎರಡು ಸಲ ಓದಿ.

ಟೀವಿಗೆ 50 ಆದರೂ 60 ಆದರೂ ಈಗ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಮೋಟರ್ ಇರುವ ಮಿಕ್ಸಿ, ಫ್ಯಾನು, ವಾಷಿಂಗ್ ಮೆಷಿನ್‌ಗಳಿಗೆ ಇದೇ ಮಾತು ಹೇಳುವ ಹಾಗಿಲ್ಲ. "ಟೀವಿ ನಡೀತಲ್ಲ, ಇದೂ ನಡೀತದೆ" ಅಂತ ಸ್ವಿಚ್ ಹಾಕಬೇಡಿ.

120 ವೋಲ್ಟಿನ ಟೀವಿ ಬಂದೇ ಬಿಟ್ಟಿದ್ದರೆ?

ಬಿಸಾಡುವುದು ಬೇಡ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಎಂಬ ಪೆಟ್ಟಿಗೆ ಸಿಗುತ್ತದೆ. ಅದು 230 ವೋಲ್ಟನ್ನು 110–120ಕ್ಕೆ ಇಳಿಸಿ ಕೊಡುತ್ತದೆ. ಕೊಳ್ಳುವಾಗ ಟೀವಿಯ ವಾಟ್ ನೋಡಿ, ಅದರ ಎರಡು ಪಾಲು ಸಾಮರ್ಥ್ಯದ್ದನ್ನು ಕೇಳಿ. ಟೀವಿ 90 ವಾಟ್ ಆದರೆ 200 ವಿಎ ಇರಲಿ. ತೀರಾ ಸಣ್ಣದು ಕೊಂಡರೆ ಬಿಸಿಯಾಗಿ ಸುಡುತ್ತದೆ. ಪ್ರಯಾಣಿಕರಿಗೆಂದು ಮಾರುವ ಅಂಗೈಯಷ್ಟು ಹಗುರ ಕನ್ವರ್ಟರುಗಳಲ್ಲಿ ಕೆಲವು ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರಗಳಿಗೆ ಮಾತ್ರ. ಅವನ್ನು ಟೀವಿಗೆ ಹಾಕಬಾರದು.

ಸಂಘದ ಸಭೆಗಳಲ್ಲಿ ನಾವು ಆಗಾಗ ಕೇಳುವ ಮಾತು: "ನಮ್ಮಲ್ಲಿ ಸ್ಟೆಬಿಲೈಸರ್ ಉಂಟಲ್ಲ ಸಿಸ್ಟರ್, ಸಾಲದಾ?" ಸಾಲದು. ಸ್ಟೆಬಿಲೈಸರಿನ ಕೆಲಸ ಏರಿಳಿತ ತಡೆದು 230ರ ಹತ್ತಿರ ಇಡುವುದು. ಅದು 120 ಮಾಡಿ ಕೊಡುವುದಿಲ್ಲ. ಎರಡೂ ಬೇಕಾದರೆ ಗೋಡೆಯಿಂದ ಮೊದಲು ಸ್ಟೆಬಿಲೈಸರ್, ಆ ಮೇಲೆ ಟ್ರಾನ್ಸ್‌ಫಾರ್ಮರ್, ಕೊನೆಗೆ ಟೀವಿ. ನೋಡಿ ಮುಗಿದ ಮೇಲೆ ಗೋಡೆಯ ಸ್ವಿಚ್ಚೇ ಆಫ್ ಮಾಡಿ. ರಿಮೋಟಿನಿಂದ ಟೀವಿ ಮಾತ್ರ ಆರಿಸಿದರೆ ಟ್ರಾನ್ಸ್‌ಫಾರ್ಮರ್ ರಾತ್ರಿಯಿಡೀ ಬಿಸಿಯಾಗಿಯೇ ಇರುತ್ತದೆ.

ಪಿನ್ನು, ಅರ್ಥಿಂಗ್, ಸಿಡಿಲು

ಗಲ್ಫಿನ ಮತ್ತು ಇಂಗ್ಲೆಂಡಿನ ಪ್ಲಗ್ಗಿಗೆ ಚಪ್ಪಟೆಯಾದ ಮೂರು ದಪ್ಪ ಪಿನ್ನು, ಒಳಗೊಂದು ಫ್ಯೂಸು. ನಮ್ಮದು ಉರುಟು ಪಿನ್ನು. ಎಲ್ಲಾ ಬಗೆಯ ಪಿನ್ನು ಹೋಗುವ ಅಗಲ ತೂತಿನ ಬೋರ್ಡುಗಳಲ್ಲಿ ಗಲ್ಫಿನ ಪ್ಲಗ್ಗು ಕೂರುತ್ತದೆ, ಆದರೆ ಕೆಲವದರಲ್ಲಿ ಸಡಿಲವಾಗಿ ಅಲುಗಾಡುತ್ತದೆ. ಅಲುಗಾಡಿದರೆ ಕಿಡಿ, ಕಿಡಿ ಇದ್ದಲ್ಲಿ ಬೆಂಕಿಯ ಭಯ. ಬಹಳಷ್ಟು ಟೀವಿಗಳ ವಯರು ಹಿಂದಿನಿಂದ ಕಳಚಿ ಬರುತ್ತದೆ. ಅದೇ ಆಕಾರದ, ಐಎಸ್‌ಐ ಗುರುತಿರುವ ಊರಿನ ವಯರು ಕೊಂಡು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಕಳಚಿ ಬಾರದಿದ್ದರೆ ಇಲೆಕ್ಟ್ರಿಷಿಯನ್‌ರಿಂದ ಪ್ಲಗ್ಗು ಬದಲಾಯಿಸಿಕೊಳ್ಳಿ. ತಾನೇ ಕತ್ತರಿಸಿ, ವಯರಿನ ತುದಿಯನ್ನು ತೂತಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕುವ ಅಭ್ಯಾಸ ಕೆಲವು ಮನೆಗಳಲ್ಲಿ ನಾವು ನೋಡಿದ್ದೇವೆ. ಮಕ್ಕಳು ಓಡಾಡುವ ಮನೆಯಲ್ಲಿ ಇದು ಬೇಡವೇ ಬೇಡ.

ಮೂರು ಪಿನ್ನಿನಲ್ಲಿ ಉದ್ದನೆಯದು ಅರ್ಥಿಂಗಿನದು. ಟೀವಿಯ ವಯರಿನಲ್ಲಿ ಮೂರು ಪಿನ್ನಿದ್ದರೆ ಅರ್ಥಿಂಗನ್ನು ತಪ್ಪಿಸುವ ಎರಡು ಪಿನ್ನಿನ ಅಡಾಪ್ಟರ್ ಬಳಸಬಾರದು. ಚೀಟಿಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಆ ಟೀವಿಯನ್ನು ಅರ್ಥಿಂಗ್ ಇಲ್ಲದೆಯೇ ನಡೆಯುವಂತೆ ಮಾಡಿದ್ದಾರೆ ಎಂದು ಅರ್ಥ, ಅದಕ್ಕೆ ಎರಡು ಪಿನ್ನು ಸಾಕು. ಹಿಂಬದಿಯ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ಥಿಂಗನ್ನು ಪರೀಕ್ಷೆ ಮಾಡಿಸಿ.

ಇನ್ನು ಸಿಡಿಲು. ಮಳೆಗಾಲದ ಮುಂಚಿನ ಏಪ್ರಿಲ್, ಮೇ ತಿಂಗಳು ಮತ್ತು ಮಳೆ ಹೋಗುವ ಅಕ್ಟೋಬರ್, ನವೆಂಬರಿನ ಸಂಜೆಗಳು ನಮ್ಮಲ್ಲಿ ಟೀವಿಗೆ ಕಷ್ಟಕಾಲ. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ಗು ತೆಗೆಯಿರಿ, ಡಿಶ್ಶಿನ ಅಥವಾ ಕೇಬಲ್ಲಿನ ವಯರನ್ನೂ ಬಿಚ್ಚಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಒಳಗೆ ಬರುತ್ತದೆ. ಗುಡುಗು ಸುರುವಾದ ಮೇಲೆ ವಯರು ಮುಟ್ಟಲು ಹೋಗಬೇಡಿ. ಟೀವಿ ಹೋದರೆ ಹೋಗಲಿ, ಜೀವ ಮುಖ್ಯ.

ಚಿತ್ರ ಬರುತ್ತದೆಯೇ?

ನಮ್ಮ ದೇಶಕ್ಕೆ ಬಣ್ಣದ ಟೀವಿ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ಆ ಕಾಲದಲ್ಲಿ ಗಲ್ಫಿನಿಂದ ತಂದ ಟೀವಿಗಳು ಇಲ್ಲಿ ಚೆನ್ನಾಗಿಯೇ ಓಡಿದವು, ಏಕೆಂದರೆ ಗಲ್ಫಿನ ಹೆಚ್ಚಿನ ದೇಶಗಳಲ್ಲೂ ನಮ್ಮಲ್ಲೂ ಪಾಲ್ ಎಂಬ ಒಂದೇ ಪದ್ಧತಿ ಇತ್ತು. ಅಮೆರಿಕದ್ದು ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿ. ಅಲ್ಲಿನ ಟೀವಿಗೆ ಇಲ್ಲಿನ ಆಂಟೆನಾ ಕೊಟ್ಟರೆ ಚಿತ್ರ ಮೇಲೆ ಕೆಳಗೆ ಉರುಳುತ್ತಿತ್ತು, ಬಣ್ಣ ಬರುತ್ತಿರಲಿಲ್ಲ. "ಫಾರಿನ್ ಟೀವಿ ಇಲ್ಲಿ ನಡೆಯುವುದಿಲ್ಲ" ಅಂತ ಕೆಲವರು, "ನಮ್ಮದು ನಡೀತದೆ" ಅಂತ ಕೆಲವರು ವಾದ ಮಾಡುತ್ತಿದ್ದುದು ಇದಕ್ಕೇ. ಇಬ್ಬರೂ ಹೇಳಿದ್ದು ಸತ್ಯ.

ಈಗ ಪರಿಸ್ಥಿತಿ ಬೇರೆ. ಅಮೆರಿಕದ ದೊಡ್ಡ ಪ್ರಸಾರ ಕೇಂದ್ರಗಳು 2009ರ ಜೂನ್‌ನಲ್ಲಿ ಹಳೆಯ ಪದ್ಧತಿ ಬಿಟ್ಟು ಎಟಿಎಸ್‌ಸಿ ಎಂಬ ಡಿಜಿಟಲ್ ಪದ್ಧತಿಗೆ ಹೋದವು. ಯುರೋಪಿನಲ್ಲಿ ಡಿವಿಬಿ ಪದ್ಧತಿ, ಜಪಾನಿನಲ್ಲಿ ಐಎಸ್‌ಡಿಬಿ. ನಮ್ಮ ದೂರದರ್ಶನದ ಹಳೆಯ ಟವರುಗಳ ಪ್ರಸಾರವೂ 2022ರ ವೇಳೆಗೆ ಬಹುಪಾಲು ನಿಂತಿದೆ. ಈಗ ಹೆಚ್ಚಿನ ಮನೆಗಳಲ್ಲಿ ಚಿತ್ರ ಬರುವುದು ಕೇಬಲ್ ಅಥವಾ ಡಿಶ್ಶಿನ ಸೆಟ್ ಟಾಪ್ ಬಾಕ್ಸಿನಿಂದ. ಚಾನೆಲ್ ಹಿಡಿಯುವ ಕೆಲಸ ಬಾಕ್ಸಿನದು, ಟೀವಿ ಬರೀ ತೋರಿಸುತ್ತದೆ. ಆದ್ದರಿಂದ ಟೀವಿ ಯಾವ ದೇಶದ ಪದ್ಧತಿಯದು ಎಂಬುದು ಮುಂಚಿನಷ್ಟು ಮುಖ್ಯವಲ್ಲ.

ಬಾಕ್ಸಿನಿಂದ ಟೀವಿಗೆ ಎಚ್‌ಡಿಎಂಐ ವಯರು ಹಾಕಿ, ರಿಮೋಟಿನ "ಸೋರ್ಸ್" ಅಥವಾ "ಇನ್‌ಪುಟ್" ಗುಂಡಿ ಒತ್ತಿ ಆ ಎಚ್‌ಡಿಎಂಐಯನ್ನು ಆರಿಸಿ. ಗಲ್ಫ್, ಯುರೋಪಿನ ಟೀವಿಯಲ್ಲಿ ಕೂಡಲೇ ಚಿತ್ರ ಬರುತ್ತದೆ. ಅಮೆರಿಕದ ಕೆಲವು ಟೀವಿಗಳಲ್ಲಿ "ಸಿಗ್ನಲ್ ಸರಿ ಇಲ್ಲ" ಎಂದು ಕಾಣಬಹುದು. ನಮ್ಮ ಬಾಕ್ಸು ಸೆಕೆಂಡಿಗೆ 50ರ ಲೆಕ್ಕದಲ್ಲಿ ಚಿತ್ರ ಕಳುಹಿಸುತ್ತದೆ, ಆ ಟೀವಿ 60 ಮಾತ್ರ ಒಪ್ಪುತ್ತದೆ. ಕೆಲವು ಬಾಕ್ಸುಗಳ ಸೆಟ್ಟಿಂಗಿನಲ್ಲಿ 60ಕ್ಕೆ ಬದಲಾಯಿಸುವ ಅವಕಾಶ ಇರುತ್ತದೆ. ಡಿಶ್ಶಿನ ಹುಡುಗ ಬಂದಾಗ ಕೇಳಿ ನೋಡಿ.

ತಿಂಗಳ ಬಾಡಿಗೆ ಕಟ್ಟಲು ಆಗದ ಮನೆಗಳಿಗೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಲ್ಲಿ ಸುರುವಾದ ಸರಕಾರದ ಈ ಸೇವೆಗೆ ತಿಂಗಳ ಹಣ ಇಲ್ಲ. ಬುಟ್ಟಿ, ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ಸಾಕು, ನಮ್ಮ ಚಂದನ ವಾಹಿನಿಯೂ ಅದರಲ್ಲಿ ಬರುತ್ತದೆ.

ಸ್ಮಾರ್ಟ್ ಟೀವಿಯಾದರೆ ಅದರ ಆ್ಯಪ್ ಅಂಗಡಿ ಕೊಂಡ ದೇಶದ್ದೇ ಆಗಿರಬಹುದು. ಅರಬ್ಬೀ ಅಕ್ಷರ ಕಂಡರೆ ಗಾಬರಿ ಬೇಡ, ಭಾಷೆ ಸೆಟ್ಟಿಂಗಿನಲ್ಲಿ ಬದಲಾಗುತ್ತದೆ. ಕೆಲವದರಲ್ಲಿ ದೇಶವನ್ನೂ ಬದಲಾಯಿಸಬಹುದು. ಆಗದಿದ್ದರೆ ಇಲ್ಲೇ ಸಿಗುವ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿದರೆ ಸಾಕು. ಡಿವಿಡಿಯವರಿಗೂ ಒಂದು ಮಾತು: ಅಮೆರಿಕದ ಡಿವಿಡಿಗೆ ವಲಯ 1, ಯುರೋಪ್ ಮತ್ತು ಗಲ್ಫಿಗೆ 2, ಭಾರತಕ್ಕೆ 5. ಮಗಳ ಮದುವೆಯ ಡಿಸ್ಕು ಓಡಿ, ಅಂಗಡಿಯ ಸಿನಿಮಾ ಓಡದಿದ್ದರೆ ಪ್ಲೇಯರ್ ಹಾಳಾಗಿದೆ ಅಂತಲ್ಲ.

ಕಸ್ಟಮ್ಸ್ ಮತ್ತು ವಾರಂಟಿ

ಇದು ಬರುವ ಮೊದಲೇ ಯೋಚಿಸಬೇಕಾದ ವಿಷಯ. ಹಿಂದೆ ಸುಂಕವಿಲ್ಲದ ಮಿತಿಯೊಳಗೆ ಟೀವಿ ತರುತ್ತಿದ್ದವರು ಬಹಳ. 2013ರ ಆಗಸ್ಟ್ 26ರಿಂದ ಸರಕಾರ ಫ್ಲಾಟ್ ಟೀವಿಗಳಿಗೆ ಆ ವಿನಾಯಿತಿ ತೆಗೆದುಹಾಕಿತು. ಆಗ ಸುಂಕ ಸೆಸ್ ಸೇರಿ ಶೇಕಡಾ 36.05. ಅಂದರೆ 30,000 ರೂಪಾಯಿಯ ಟೀವಿಗೆ 10,815 ರೂಪಾಯಿ. 2018ರಲ್ಲಿ ಅದು ಶೇಕಡಾ 38.5 ಆಯಿತು. ಬ್ಯಾಗೇಜ್ ನಿಯಮಗಳು ಆಗಾಗ ಬದಲಾಗುತ್ತವೆ. ವರ್ಷಗಟ್ಟಲೆ ಹೊರಗಿದ್ದು ಪೂರ್ತಿಯಾಗಿ ಊರಿಗೆ ಮರಳುವವರಿಗೆ ಬೇರೆ ನಿಯಮ ಇದೆ. ಆದ್ದರಿಂದ ಟೀವಿ ಕೊಳ್ಳುವ ಮೊದಲು ಕಸ್ಟಮ್ಸ್ ಇಲಾಖೆಯ ಆ ದಿನದ ನಿಯಮ, ದರ ನೋಡಿಕೊಳ್ಳಿ. ಗೆಳೆಯ ಕಳೆದ ಸಲ ಎಷ್ಟು ಕಟ್ಟಿದ ಎಂಬುದು ಈ ಸಲಕ್ಕೆ ಲೆಕ್ಕಕ್ಕಿಲ್ಲ.

ತಂದದ್ದನ್ನು ಕಸ್ಟಮ್ಸಿನವರಿಗೆ ತಿಳಿಸಿ, ಸುಂಕ ಕಟ್ಟಿ, ರಶೀದಿ ಇಟ್ಟುಕೊಳ್ಳಿ. "ಹೇಗಾದರೂ ದಾಟಿಸ್ತೇನೆ" ಅನ್ನುವವರ ಮಾತಿಗೆ ಮರುಳಾಗಬೇಡಿ. ಸಿಕ್ಕಿಬಿದ್ದರೆ ಸಾಮಾನೂ ಹೋಗುತ್ತದೆ, ದಂಡವೂ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೊಡಬೇಕಾದದ್ದನ್ನು ಕೊಡುವುದು ನಮ್ಮ ವಿಶ್ವಾಸದ ಭಾಗವೂ ಹೌದು.

ವಾರಂಟಿ ಅನೇಕ ಕಂಪೆನಿಗಳಲ್ಲಿ ಕೊಂಡ ದೇಶಕ್ಕೆ ಮಾತ್ರ. ಅದೇ ಹೆಸರಿನ ಸರ್ವಿಸ್ ಸೆಂಟರ್ ನಮ್ಮ ಪೇಟೆಯಲ್ಲಿ ಇದ್ದರೂ "ಈ ಮಾಡೆಲ್ ನಮ್ಮದಲ್ಲ" ಅನ್ನಬಹುದು. ಬಿಡಿಭಾಗವೂ ಸಿಗದೆ ಇರಬಹುದು, ಪರದೆ ಒಡೆದರಂತೂ ಹೊಸ ಟೀವಿಯ ಖರ್ಚೇ. ಸುಂಕ, ವಿಮಾನದ ಹೆಚ್ಚಿನ ಭಾರದ ಹಣ, ಟ್ರಾನ್ಸ್‌ಫಾರ್ಮರ್, ವಾರಂಟಿ ಇಲ್ಲದ ಭಯ ಇಷ್ಟನ್ನೂ ಕಾಗದದಲ್ಲಿ ಕೂಡಿಸಿ, ಊರಿನ ಅಂಗಡಿಯ ಬೆಲೆಯ ಪಕ್ಕ ಇಟ್ಟು ನೋಡಿ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಮಾತು ಟೀವಿಗೂ ಹೊಂದುತ್ತದೆ. ತಂದೇ ತರುವುದಾದರೆ ಮೂಲ ಪೆಟ್ಟಿಗೆಯಲ್ಲೇ, ನಿಲ್ಲಿಸಿಯೇ ತನ್ನಿ. ಮಲಗಿಸಿ ಮೇಲೆ ಭಾರ ಹೇರಿದರೆ ತೆಳ್ಳಗಿನ ಪರದೆ ಬಿರುಕು ಬಿಡುತ್ತದೆ.

ಒಂದು ಪರದೇಶದಿಂದ ಇನ್ನೊಂದಕ್ಕೆ ಹೋಗುವವರಿಗೆ

ನಮ್ಮ ಎಷ್ಟೋ ಕುಟುಂಬಗಳು ಗಲ್ಫಿನಿಂದ ನೇರವಾಗಿ ಕೆನಡಾಕ್ಕೆ, ಇಂಗ್ಲೆಂಡಿಗೆ ಹೋಗುತ್ತಿವೆ. ಕುವೈತಿನ "220–240 ವೋಲ್ಟ್" ಟೀವಿ ಕೆನಡಾದ 120 ವೋಲ್ಟಿಗೆ ಸರಿಯಾಗಿ ನಡೆಯುವುದಿಲ್ಲ, ಅಲ್ಲಿ ವೋಲ್ಟ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿನ ಆಂಟೆನಾ ಚಾನೆಲ್‌ಗಳಿಗೆ ಬೇರೆ ಬಾಕ್ಸೂ ಬೇಕು. ಹಾಗಾಗಿ ಸಾಗಿಸುವ ಬದಲು ಮಾರಿ ಹೋಗುವುದೇ ಲಾಭ. ಇಂಗ್ಲೆಂಡಿನಲ್ಲಿ ಕರೆಂಟು, ಪಿನ್ನು ಎರಡೂ ಹೊಂದುತ್ತವೆ. ಆದರೆ ಅಲ್ಲಿ ಟೀವಿಯ ನೇರ ಪ್ರಸಾರ ನೋಡಲು ಲೈಸನ್ಸ್ ಬೇಕು. ನಮ್ಮ ನರ್ಸ್ ಮಕ್ಕಳು ಇದನ್ನು ಮರೆಯಬಾರದು.

ನೆನಪಿಡಿ

1. ಕೊಳ್ಳುವ ಮೊದಲು ಹಿಂದಿನ ಚೀಟಿಯ ಫೋಟೋ ತೆಗೆದು ಊರಿನ ಮೆಕ್ಯಾನಿಕ್‌ಗೆ ಕಳುಹಿಸಿ.
2. ಅಡಾಪ್ಟರ್ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ, ಸ್ಟೆಬಿಲೈಸರ್ ಬೇರೆ.
3. ಮೂರು ಪಿನ್ನಿನ ವಯರಿಗೆ ಅರ್ಥಿಂಗ್ ತಪ್ಪಿಸಬೇಡಿ.
4. ಬಿಲ್ಲು, ಸುಂಕದ ರಶೀದಿ ಎರಡನ್ನೂ ಜೋಪಾನ ಮಾಡಿ.
5. ತಂದವರು ರಜೆ ಮುಗಿಸಿ ಹೋಗುವ ಮೊದಲೇ ಟೀವಿ ಜೋಡಿಸಿ, ನಡೆಸಿ ತೋರಿಸಿ ಹೋಗಲಿ.

ಕೊನೆಯದು ಸಣ್ಣ ಮಾತೆಂದು ತಿಳಿಯಬೇಡಿ. ಹಿರಿಯರು ಒಬ್ಬರೇ ಇರುವ ಮನೆಗಳಲ್ಲಿ ಟೀವಿ ಬರೀ ಮನರಂಜನೆಯಲ್ಲ. 2020ರ ಲಾಕ್‌ಡೌನಿನಲ್ಲಿ ಚರ್ಚು ಮುಚ್ಚಿದ್ದಾಗ ಅನೇಕರು ಭಾನುವಾರದ ಬಲಿಪೂಜೆಯಲ್ಲಿ ಭಾಗವಹಿಸಿದ್ದು ಟೀವಿ, ಮೊಬೈಲಿನ ಮುಂದೆ ಕೂತು. ಸಂಜೆಯಾದ ಮೇಲೆ ಮನೆಯಲ್ಲಿ ಒಂದು ಮನುಷ್ಯ ಧ್ವನಿ ಕೇಳಲಿ ಎಂದೇ ಟೀವಿ ಹಾಕುವವರನ್ನು ನಾವು ಬಲ್ಲೆವು.

ಆ ತಾಯಿಯ ಮನೆಗೆ ನಾವು ಪೇಟೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು. ಅವರು ಬೆನ್ನು ಬಿಚ್ಚಿ ನೋಡಿ, ಕರೆಂಟು ತೆಗೆದುಕೊಳ್ಳುವ ಬೋರ್ಡು ಮಾತ್ರ ಹೋಗಿದೆ, ಪರದೆ ಸರಿ ಇದೆ ಎಂದರು. ಚೀಟಿಯಲ್ಲಿ 120 ಎಂದು ಬರೆದದ್ದನ್ನು ತಾಯಿಗೆ ತೋರಿಸಿದರು. ಅವರು ಅದನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ನಾನು ಸ್ವಿಚ್ ಹಾಕಿದ್ದು ತಪ್ಪಲ್ಲವಾ ಸಿಸ್ಟರ್?" ಎಂದು ಕೇಳಿದರು.

ಆ ದಿನ ರಾತ್ರಿ ಮಗನಿಗೆ ಎಲ್ಲಾ ಹೇಳಿದರಂತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಓದದೆ ತಂದವ ನಾನು. ನೀನು ಯಾಕೆ ಹೆದರಿದ್ದು?" ಎಂದನಂತೆ. ಬೋರ್ಡು ರಿಪೇರಿಯಾಯಿತು, ಟ್ರಾನ್ಸ್‌ಫಾರ್ಮರ್ ಬಂತು. ಈಗ ಬೆಡ್‌ಶೀಟು ಟೀವಿಯ ಮೇಲಿಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಮುಚ್ಚಿಟ್ಟ ಟೀವಿ ಇದ್ದರೆ, ಪ್ಲಗ್ಗಿಗೆ ಹಾಕುವ ಮೊದಲು ಚೀಟಿ ಓದಿ. ಓದಲು ಕಣ್ಣು ಸಾಲದಿದ್ದರೆ ಸಂಘದ ಸಭೆಗೆ ಬರುವಾಗ ಅದರ ಫೋಟೋ ತನ್ನಿ, ಒಟ್ಟಿಗೆ ಕೂತು ಓದೋಣ. ಮಕ್ಕಳಿಗೆ ಫೋನ್ ಮಾಡುವಾಗ ಸಾಮಾನು ಕೆಟ್ಟದ್ದನ್ನೂ ಹೇಳಿ. ಅವರು ದೂರದಲ್ಲಿ ದುಡಿಯುವುದು ನಿಮಗಾಗಿ, ಟೀವಿಗಾಗಿ ಅಲ್ಲ.